ನೋಡ್ಕೊಂಡು ನಡೀಬಾರ್ದಾ, ಸಾರ್?

ನಮ್ಮಲ್ಲಿ ನ್ಯಾಯ ನಿಧಾನ ಎಂದು ಗೊಣಗುವವರು ಒಮ್ಮೆ ಯಾವುದಾದರೂ ಹೋಟೆಲಿನಲ್ಲಿ ಜಾರಿ ಬೀಳಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ದೂರುಗಳನ್ನು ಆದಷ್ಟೂ ಮೂರು ತಿಂಗಳಲ್ಲಿ ಇತ್ಯರ್ಥ ಮಾಡಿ ಎಂದು ಆಯೋಗಗಳಿಗೆ ಹೇಳುತ್ತದೆ. ಆಯೋಗಗಳು ಆ ಸಾಲನ್ನು ಗೌರವದಿಂದ ಓದಿ ಮುಂದಿನ ತಾರೀಖು ಕೊಡುತ್ತವೆ. ಹೋಟೆಲಿನಲ್ಲಿ ಹಾಗಲ್ಲ. ಬಿದ್ದವನ ಸೊಂಟ ನೆಲ ಮುಟ್ಟುವುದರೊಳಗೆ ವಿಚಾರಣೆ ಮುಗಿದು, ಗಲ್ಲಾದ ಹಿಂದಿನಿಂದ, ಚಿಲ್ಲರೆ ಎಣಿಸುವ ಕೈಯನ್ನೂ ನಿಲ್ಲಿಸದೆ ತೀರ್ಪು ಬಂದಿರುತ್ತದೆ: "ನೋಡ್ಕೊಂಡು ನಡೀಬಾರ್ದಾ, ಸಾರ್?"

ಈ ತೀರ್ಪಿನ ಮೇಲೆ ಯಾರೂ ಅಪೀಲು ಹೋದದ್ದಿಲ್ಲ. ಬಿದ್ದವನೇ ಅದಕ್ಕೆ ಸಹಿ ಹಾಕಿಬಿಡುತ್ತಾನೆ. ಎದ್ದ ಕೂಡಲೇ ಅವನು ನೋಡುವುದು ಮೊಣಕಾಲನ್ನಲ್ಲ, ಸುತ್ತಮುತ್ತಲಿನ ಮೇಜುಗಳನ್ನು. ಯಾರು ನೋಡಿದರು, ಯಾರು ನಕ್ಕರು ಎಂಬ ಮಹಜರು ಮುಗಿಸಿ, "ಏನೂ ಆಗಿಲ್ಲ, ಏನೂ ಆಗಿಲ್ಲ" ಎಂದು ಯಾರೂ ಕೇಳದ ಪ್ರಶ್ನೆಗೆ ಎರಡೆರಡು ಸಲ ಉತ್ತರ ಕೊಡುತ್ತಾನೆ. ಬಿದ್ದರೂ ಮೀಸೆ ಮಣ್ಣಾಗದ ವಂಶ ನಮ್ಮದು. ಚೆಲ್ಲಿಹೋದ ಕಾಫಿಗೂ ದುಡ್ಡು ಕೊಟ್ಟು, ನೆಲ ಒರೆಸಲು ಬಂದ ಹುಡುಗನಿಗೆ "ಸಾರಿ ಕಣಪ್ಪ" ಎಂದು ಹೇಳಿ, ಕುಂಟುವುದು ಕಾಣಬಾರದೆಂದು ನೆಟ್ಟಗೆ ನಡೆದು ಹೊರಬೀಳುತ್ತಾನೆ. ರಾತ್ರಿ ಕಾಲು ಊದಿಕೊಂಡಾಗ ಹೆಂಡತಿಯ ಹತ್ತಿರ "ಬಸ್ಸಿಳಿಯುವಾಗ ಉಳುಕಿತು" ಎನ್ನುತ್ತಾನೆ. ಹೋಟೆಲಿನ ಮಾನ ಅಷ್ಟರಮಟ್ಟಿಗೆ ಉಳಿಯಿತು.

ಹೀಗಿರುವಾಗ ಯಾವ ಮಾಲೀಕ ವಿಮೆ ಮಾಡಿಸಿಯಾನು? ನಮ್ಮಲ್ಲಿ 1991ರಿಂದ ಸಾರ್ವಜನಿಕ ಹೊಣೆ ವಿಮೆಗೆಂದೇ ಒಂದು ಕಾಯ್ದೆ ಇದೆ. ಆದರೆ ಅದು ಅಪಾಯಕಾರಿ ವಸ್ತುಗಳ ವ್ಯವಹಾರ ಮಾಡುವವರಿಗೆ ಮಾತ್ರ ಕಡ್ಡಾಯ. ಸೋಪಿನ ನೀರು ಹರಿದ ಪಾಲಿಶ್ ಗ್ರಾನೈಟು ಆ ವಸ್ತುಗಳ ಪಟ್ಟಿಗೆ ಸೇರಿಲ್ಲ. ಮಿಕ್ಕ ಅಂಗಡಿ, ಹೋಟೆಲು, ಮಾಲುಗಳು ಬೇಕಾದರೆ ವಿಮೆ ಮಾಡಿಸಬಹುದು, ಬೇಡದಿದ್ದರೆ ಗಿರಾಕಿಯ ನಾಚಿಕೆಯನ್ನು ನಂಬಬಹುದು. ಎರಡನೆಯದಕ್ಕೆ ಪ್ರೀಮಿಯಂ ಇಲ್ಲ, ವರ್ಷಾವರ್ಷ ನವೀಕರಣದ ತಲೆನೋವೂ ಇಲ್ಲ.

ಗ್ರಾನೈಟಿನ ಮಾತು ಬಂದದ್ದರಿಂದ ಸ್ವಲ್ಪ ನಿಲ್ಲುತ್ತೇನೆ. ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು, ಕನಕಪುರದ ಬಣ್ಣಬಣ್ಣದ ಕಲ್ಲು ಲೋಕಪ್ರಸಿದ್ಧ. ಬೆಟ್ಟದಲ್ಲಿದ್ದಾಗ ಅದರ ಮೇಲೆ ಮೇಕೆಯೂ ಜಾರುವುದಿಲ್ಲ. ಅಲ್ಲಿಂದ ಕಿತ್ತು, ಕೊಯ್ದು, ಮುಖ ಕಾಣುವಷ್ಟು ಉಜ್ಜಿ, ದಿನಕ್ಕೆ ಸಾವಿರ ಜನ ಕೈಯಲ್ಲಿ ಸಾಂಬಾರಿನ ತಟ್ಟೆ ಹಿಡಿದು ಓಡಾಡುವ ಜಾಗದಲ್ಲಿ ಹಾಸುತ್ತೇವೆ. ಅದೇ ಕಲ್ಲನ್ನು ಬೆಂಕಿಯಲ್ಲಿ ಸುಟ್ಟು ತರಿತರಿಯಾಗಿ ಮಾಡಿಕೊಡುವ ವಿದ್ಯೆ ಅದೇ ಕಾರ್ಖಾನೆಯವರಿಗೆ ಗೊತ್ತಿದೆ, ಮಾಲೀಕರಿಗೂ ಗೊತ್ತಿದೆ. ಅನುಮಾನವಿದ್ದರೆ ಕಟ್ಟಡದ ಪಾರ್ಕಿಂಗ್ ಕಡೆ ಹೋಗಿ ನೋಡಿ. ನೆಲಮಾಳಿಗೆಗೆ ಇಳಿಯುವ ಇಳಿಜಾರಿನಲ್ಲಿ ಗೀರು ಹಾಕಿರುತ್ತಾರೆ, ತರಿ ಕಲ್ಲು ಕೂರಿಸಿರುತ್ತಾರೆ. ಮಳೆಗಾಲದಲ್ಲಿ ಕಾರಿನ ಚಕ್ರ ಜಾರಬಾರದು ನೋಡಿ. ಕಾರಿನಿಂದ ಇಳಿದ ಅಜ್ಜಿ ಹತ್ತುವ ಮೆಟ್ಟಿಲಿಗೆ ಮಾತ್ರ ಪಾಲಿಶ್.

ಆ ಮೆಟ್ಟಿಲಿಗೂ ಲೆಕ್ಕವಿದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಸತಿಯೇತರ ಕಟ್ಟಡಗಳಲ್ಲಿ ಮೆಟ್ಟಿಲಿನ ಎತ್ತರ 150 ಮಿಲಿಮೀಟರ್ ದಾಟಬಾರದು, ಪಾದ ಊರುವ ಜಾಗ 300 ಮಿಲಿಮೀಟರ್ ಇರಬೇಕು, ಕಾಲು ಜಾರದಂತೆ ಕಟ್ಟಿರಬೇಕು. ನಮ್ಮ ಊರಿನ ಅಂಗಡಿಗಳ ಮೊದಲ ಮೆಟ್ಟಿಲಿನ ಎತ್ತರವನ್ನು ನಿರ್ಧರಿಸುವುದು ಸಂಹಿತೆಯಲ್ಲ, ಕಳೆದ ಸಲ ರಸ್ತೆಗೆ ಡಾಂಬರು ಹಾಕಿದ ಕಂಟ್ರ್ಯಾಕ್ಟರು. ಒಳಗೆ ಹೋದರೆ ನಾಲ್ಕೇ ಬೆರಳು ತಗ್ಗಿನ ಇನ್ನೊಂದು ಮೆಟ್ಟಿಲು, ನೆಲದ್ದೇ ಬಣ್ಣದಲ್ಲಿ, ದೀಪ ಬೀಳದ ಕಡೆ ಕಾದಿರುತ್ತದೆ. ಅದನ್ನು ಯಾಕೆ ಇಟ್ಟಿದ್ದೀರಿ ಎಂದು ಕೇಳಿದರೆ ಇಂಟೀರಿಯರ್‌ನವರು "ಸ್ಪ್ಲಿಟ್ ಲೆವೆಲ್, ಸಾರ್" ಎನ್ನುತ್ತಾರೆ. ಮೂಳೆ ತಜ್ಞರೂ ಎಕ್ಸ್‌ರೇ ನೋಡಿ ಹೆಚ್ಚುಕಡಿಮೆ ಅದೇ ಅಭಿಪ್ರಾಯಕ್ಕೆ ಬರುತ್ತಾರೆ.

ಇನ್ನು ಬೋರ್ಡುಗಳು. ಮಾಲುಗಳಲ್ಲಿ ಹಳದಿ ಬಣ್ಣದ ಒಂದು ಬೋರ್ಡು ಕಾಲಗಲಿಸಿ ನಿಂತಿರುತ್ತದೆ. ನೆಲ ಒದ್ದೆಯಿದ್ದರೂ ಅಲ್ಲೇ, ಒಣಗಿದ್ದರೂ ಅಲ್ಲೇ. ಕೆಲಸಕ್ಕೆ ಒಂದು ದಿನವೂ ರಜೆ ಹಾಕದ ಸಿಬ್ಬಂದಿ ಅದೊಂದೇ. ಅದನ್ನೇ ಎಡವಿ ಬಿದ್ದವರಿಗೆ, ಎಚ್ಚರಿಕೆ ಕೊಟ್ಟಿದ್ದೆವಲ್ಲ ಎಂದು ತೋರಿಸಲು ಅದೇ ಬೋರ್ಡು ಸಾಕ್ಷಿ. ಇನ್ನೊಂದು ಬಗೆಯದು ಗೋಡೆಯ ಮೇಲಿರುತ್ತದೆ: "ಯಾವುದೇ ಅನಾಹುತಕ್ಕೆ ಆಡಳಿತ ಮಂಡಳಿ ಜವಾಬ್ದಾರಿಯಲ್ಲ." ಹತ್ತು ರೂಪಾಯಿಯ ಬಣ್ಣದಲ್ಲಿ ನಿರ್ಲಕ್ಷ್ಯವೆಲ್ಲ ತೊಳೆದುಹೋಗುವುದಾದರೆ ಗಂಗಾಸ್ನಾನಕ್ಕೆ ಯಾರಾದರೂ ಯಾಕೆ ಹೋಗಬೇಕು?

ಈ ಬೋರ್ಡುಗಳ ಬೆಲೆ ಎಷ್ಟೆಂದು ಸುಪ್ರೀಂ ಕೋರ್ಟು ಒಂದು ಸಲ ಹೇಳಿದೆ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಬಂದವರೊಬ್ಬರು ತಮ್ಮ ಮಾರುತಿ ಝೆನ್ ಕಾರಿನ ಕೀಲಿಯನ್ನು ಬಾಗಿಲಲ್ಲಿದ್ದ ಸಿಬ್ಬಂದಿಗೆ ಕೊಟ್ಟು ಒಳಗೆ ಹೋದರು. ಹೊರಬಂದಾಗ ಕಾರು ಇರಲಿಲ್ಲ, ಯಾರೋ ಒಯ್ದಿದ್ದರು. ಕೈಗಿತ್ತ ಚೀಟಿಯಲ್ಲಿ "ಹೊಣೆ ಕಾರಿನವರದೇ" ಎಂದು ಬರೆದಿತ್ತಲ್ಲ ಎಂದು ಹೋಟೆಲು ವಾದಿಸಿತು. 2019ರ ನವೆಂಬರಿನಲ್ಲಿ ನ್ಯಾಯಾಲಯ, ನಿಮ್ಮ ಮತ್ತು ನಿಮ್ಮ ನೌಕರರ ನಿರ್ಲಕ್ಷ್ಯಕ್ಕೆ ಆ ಚೀಟಿಯನ್ನು ಅಡ್ಡ ಹಿಡಿಯುವಂತಿಲ್ಲ ಎಂದಿತು. ಇಪ್ಪತ್ತೊಂದು ವರ್ಷ ಹಿಡಿದರೂ ಒಳ್ಳೆಯ ತೀರ್ಪು. ಆದರೆ ಅದು ನಿಂತಿರುವುದು ವಸ್ತುವನ್ನು ಇನ್ನೊಬ್ಬರ ವಶಕ್ಕೆ ಒಪ್ಪಿಸಿದ್ದಾರೆ ಎಂಬ ಆಧಾರದ ಮೇಲೆ. ಮೊಣಕಾಲನ್ನು ಬಾಗಿಲಲ್ಲಿ ಕಳಚಿ ಕೊಟ್ಟು ಟೋಕನ್ ಪಡೆಯುವ ಪದ್ಧತಿ ನಮ್ಮಲ್ಲಿ ಇನ್ನೂ ಬಂದಿಲ್ಲ. ಹೀಗಾಗಿ ಇಳಿಜಾರಿನಲ್ಲಿ ಗೀರು ಕಂಡ ಕಾರೇ ಕೋರ್ಟಿನಲ್ಲೂ ಮುಂದಿದೆ.

ಇಂಗ್ಲೆಂಡಿನಲ್ಲಿ ಕಟ್ಟಡ ನಡೆಸುವವರ ಹೊಣೆಗೆಂದೇ 1957ರಲ್ಲಿ ಕಾಯ್ದೆ ಮಾಡಿದರು. ತಮ್ಮ ನಿರ್ಲಕ್ಷ್ಯದಿಂದಾದ ಸಾವುನೋವಿನ ಹೊಣೆಯನ್ನು ವ್ಯಾಪಾರಸ್ಥರು ಬೋರ್ಡು ತಗುಲಿಸಿ ಕಳಚಿಕೊಳ್ಳುವಂತಿಲ್ಲ ಎಂದು 1977ರಲ್ಲಿ ಇನ್ನೊಂದನ್ನು ಮಾಡಿದರು. ನಮ್ಮಲ್ಲಿ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. ಬ್ರಿಟಿಷರನ್ನು ಹತ್ತು ವರ್ಷ ಮುಂಚೆಯೇ ಓಡಿಸಿದ್ದರ ಫಲ. ಅಲ್ಲಿನ ಒಂದು ಮೊಕದ್ದಮೆ ನನಗೆ ಬಹಳ ಇಷ್ಟ. 1974ರಲ್ಲಿ ಲಿವರ್‌ಪೂಲಿನ ಟೆಸ್ಕೋ ಅಂಗಡಿಯಲ್ಲಿ ಮಹಿಳೆಯೊಬ್ಬರು ನೆಲದ ಮೇಲೆ ಚೆಲ್ಲಿದ್ದ ಯೋಗರ್ಟ್ ತುಳಿದು ಬಿದ್ದರು. ಅದು ಯಾವಾಗ ಚೆಲ್ಲಿತ್ತು, ಯಾರು ಚೆಲ್ಲಿದರು ಎಂದು ಅವರು ಹೇಳಲಾರದೆ ಹೋದರು. ಬೀಳುವವರು ಮೊದಲೇ ಬಂದು ಪಂಚನಾಮೆ ಮಾಡಿರುವುದಿಲ್ಲವಲ್ಲ. 1976ರಲ್ಲಿ ಮೇಲ್ಮನವಿ ನ್ಯಾಯಾಲಯ ಎರಡಕ್ಕೆ ಒಂದರ ಬಹುಮತದಿಂದ ಹೇಳಿದ್ದಿಷ್ಟು: ನೆಲ ಅಂಗಡಿಯದ್ದು, ಗುಡಿಸುವ ವ್ಯವಸ್ಥೆ ಅಂಗಡಿಯದ್ದು, ಆದ್ದರಿಂದ ಅದು ಅಲ್ಲಿ ಹೇಗೆ ಬಿದ್ದಿತ್ತೆಂದು ವಿವರಿಸುವ ಕೆಲಸವೂ ಅಂಗಡಿಯದ್ದೇ. ಪರಿಹಾರ 137 ಪೌಂಡು 50 ಪೆನ್ಸು. ಆಕೆ ಬಿದ್ದ ಮೂರು ವಾರಕ್ಕೆ ಮತ್ತೆ ಅದೇ ಅಂಗಡಿಗೆ ಹೋಗಿ, ಚೆಲ್ಲಿದ ಕಿತ್ತಳೆ ರಸವನ್ನು ಕಾಲು ಗಂಟೆಯಾದರೂ ಯಾರೂ ಒರೆಸದ್ದನ್ನು ಕಂಡು ಬಂದು ಸಾಕ್ಷಿ ಹೇಳಿದ್ದರು. ಛಲವೆಂದರೆ ಇದು. ನಮ್ಮವರು ಬಿದ್ದ ಹೋಟೆಲಿಗೆ ಮತ್ತೆ ಹೋಗುತ್ತಾರೆ, ಇಲ್ಲವೆನ್ನುವುದಿಲ್ಲ. ಅಲ್ಲಿ ಚಟ್ನಿ ಚೆನ್ನಾಗಿರುತ್ತದೆ ಎಂದು.

ನಮ್ಮ ದೇಶದ್ದೂ ಒಂದಿದೆ, ಓದಿದರೆ ನಗು ನಿಂತುಹೋಗುತ್ತದೆ. 1972ರಲ್ಲಿ ವಿದೇಶಿ ವಿಮಾನವೊಂದರ ಸಹ ಚಾಲಕ ದೆಹಲಿಯ ಪಂಚತಾರಾ ಹೋಟೆಲಿನ ಈಜುಕೊಳಕ್ಕೆ ಧುಮುಕಿ, ತಲೆ ತಳಕ್ಕೆ ಬಡಿದು ಪಾರ್ಶ್ವವಾಯುವಿಗೆ ತುತ್ತಾದರು. 1985ರಲ್ಲಿ ತೀರಿಕೊಂಡರು. 1997ರಲ್ಲಿ ದೆಹಲಿ ಹೈಕೋರ್ಟು 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಪಂಚತಾರಾ ದರ ವಸೂಲು ಮಾಡುವವರು ಪಂಚತಾರಾ ಎಚ್ಚರವನ್ನೂ ವಹಿಸಬೇಕು ಎಂದು ಆಗ ತೀರ್ಪು ಬರೆದವರು, ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಯಾದ ಆರ್.ಸಿ. ಲಾಹೋಟಿ. ಆಮೇಲೆ ಅದೇ ಹೈಕೋರ್ಟಿನ ವಿಭಾಗೀಯ ಪೀಠ ಅದನ್ನು ರದ್ದು ಮಾಡಿತು. ವ್ಯಕ್ತಿ ಸತ್ತಾಗಲೇ ದಾವೆಯೂ ಸತ್ತಿತ್ತಂತೆ. ಆದ್ದರಿಂದ ಬೀಳುವ ಇರಾದೆ ಇರುವವರು ಚಿಕ್ಕ ವಯಸ್ಸಿನಲ್ಲೇ ಬೀಳುವುದು ಕ್ಷೇಮ.

ಮಾಲೀಕರ ಕಡೆಯದ್ದೂ ಒಂದು ಮಾತಿದೆ, ಹೇಳದಿದ್ದರೆ ಪಕ್ಷಪಾತವಾಗುತ್ತದೆ. ಮೊಬೈಲಿನಲ್ಲಿ ಮುಖ ಹುದುಗಿಸಿಕೊಂಡು ನಡೆಯುವವರಿದ್ದಾರೆ, ಸವೆದ ಹವಾಯಿ ಚಪ್ಪಲಿಯವರಿದ್ದಾರೆ. ಬಿದ್ದವನ ತಪ್ಪಿನ ಪಾಲಿನಷ್ಟು ಪರಿಹಾರ ಕಡಿಮೆ ಮಾಡುವ ತಕ್ಕಡಿ ಕಾನೂನಿನಲ್ಲೇ ಇದೆ. ಮಾಲೀಕರು ಆ ತಕ್ಕಡಿಯ ಒಂದೇ ತಟ್ಟೆಯನ್ನು ಮನೆಗೆ ಒಯ್ದಿದ್ದಾರೆ, ಅಷ್ಟೆ. ನೌಕರನ ತಪ್ಪಿಗೆ ಯಜಮಾನ ಹೊಣೆ ಎನ್ನುವುದೂ ಕಾನೂನೇ. ಹೋಟೆಲಿನ ಕಾನೂನಿನಲ್ಲಿ ಹೊಣೆ ಮಾಲೀಕರಿಂದ ಮ್ಯಾನೇಜರಿಗೆ, ಮ್ಯಾನೇಜರಿಂದ ಸೂಪರ್‌ವೈಸರಿಗೆ ಜಾರಿ, ಕೊನೆಗೆ ಹಗಲೂ ರಾತ್ರಿ ನೆಲ ಒರೆಸುವ ಹುಡುಗನ ಮೇಲೆ ಬೀಳುತ್ತದೆ. ಅವನ ಅರ್ಧ ದಿನದ ಕೂಲಿ ಹಿಡಿದಲ್ಲಿಗೆ ಸುರಕ್ಷತಾ ಕ್ರಮ ಪೂರ್ಣ.

ಇದೆಲ್ಲ ಒಂದೇ ಕಡೆ ಕಾಣಬೇಕೆಂದರೆ ಕಲ್ಯಾಣ ಮಂಟಪಕ್ಕೆ ಹೋಗಬೇಕು. ಒಂದು ದಿನದ ಬಾಡಿಗೆಯಲ್ಲಿ ಹಳ್ಳಿಯಲ್ಲೊಂದು ಮನೆ ಕಟ್ಟಬಹುದಾದಂಥ ಮಂಟಪ. ಊಟದ ಹಾಲು ಕೆಳಗಡೆ, ಕೈತೊಳೆಯುವ ಸಾಲು ಅದರ ಮೂಲೆಯಲ್ಲಿ, ಅಲ್ಲೂ ಗ್ರಾನೈಟು. ಎರಡನೆಯ ಪಂಕ್ತಿ ಏಳುವ ಹೊತ್ತಿಗೆ ಆ ನೆಲದ ಮೇಲೆ ತಿಳಿಸಾರು, ಪಾಯಸ, ಮಜ್ಜಿಗೆ, ಸೋಪಿನ ನೀರು ಎಲ್ಲ ಸೇರಿ, ಬಡಿಸಿದ್ದಕ್ಕಿಂತ ರುಚಿಕಟ್ಟಾದ ಒಂದು ಪದಾರ್ಥ ಸಿದ್ಧವಾಗಿರುತ್ತದೆ. ಮೂರನೆಯ ಪಂಕ್ತಿಯವರು ರೇಷ್ಮೆ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಹಿಡಿದು, ಎಂಜಲು ಕೈಯನ್ನು ಮೇಲೆತ್ತಿಕೊಂಡು ಅದರೊಳಗೆ ಇಳಿಯುತ್ತಾರೆ. ಹಿಡಿದುಕೊಳ್ಳಲು ಕೈಯೂ ಇಲ್ಲ, ಕಂಬಿಯೂ ಇಲ್ಲ.

ಹೆಣ್ಣಿನ ಕಡೆಯವರು ಬಿದ್ದರೆ ಅದು ಆಕಸ್ಮಿಕ. ಗಂಡಿನ ಕಡೆಯವರು ಬಿದ್ದರೆ ಅವಮಾನ. ಗಂಡಿನ ದೊಡ್ಡಮ್ಮ ಬಿದ್ದರೆಂದುಕೊಳ್ಳಿ. ಚೌಟ್ರಿ ಮ್ಯಾನೇಜರು "ನಮ್ದು ಬರೀ ಜಾಗ ಸಾರ್, ಕ್ಲೀನಿಂಗು ಏಜೆನ್ಸಿಯವ್ರದು" ಎನ್ನುತ್ತಾರೆ. ಏಜೆನ್ಸಿಯವರು "ಚೆಲ್ಲಿದ್ದು ಅಡುಗೆಯವ್ರು" ಎನ್ನುತ್ತಾರೆ. ಅಡುಗೆ ಭಟ್ಟರು "ನಾವು ಎಲೆಗೆ ಬಡಿಸ್ತೀವಿ ಸ್ವಾಮಿ, ನೆಲಕ್ಕಲ್ಲ" ಎನ್ನುತ್ತಾರೆ. ಬೀಗಿತ್ತಿಯೊಬ್ಬರು ದೃಷ್ಟಿಯಾಗಿದೆ ಎಂದು ಒಣಮೆಣಸಿನಕಾಯಿ, ಉಪ್ಪು ತರಿಸುತ್ತಾರೆ. ಆ ಸಭೆಯಲ್ಲಿ ಹೊಣೆ ಹೊತ್ತದ್ದು ಅದೊಂದು ದೃಷ್ಟಿಯೇ. ಸೊಂಟ ಹಿಡಿದು ಕೂತ ದೊಡ್ಡಮ್ಮನೋ, "ಶುಭಕಾರ್ಯದಲ್ಲಿ ಗಲಾಟೆ ಬೇಡ ಕಣ್ರೋ" ಎಂದು ಎಲ್ಲರಿಗೂ ಸಮಾಧಾನ ಹೇಳುತ್ತಿರುತ್ತಾರೆ.

ಮಂಟಪಕ್ಕೆ ದುಡ್ಡು ಕೊಟ್ಟವರು ಬೇರೆ, ಬಿದ್ದವರು ಬೇರೆಯಾದರೂ ದಾರಿ ಮುಚ್ಚಿಲ್ಲ. ಹಣ ಕೊಟ್ಟವರ ಒಪ್ಪಿಗೆಯಿಂದ ಸೇವೆ ಪಡೆದವರೂ ಗ್ರಾಹಕರೇ ಎಂದು 2019ರ ಕಾಯ್ದೆಯೇ ಹೇಳುತ್ತದೆ. ದೂರು ಕೊಡಲು ಎರಡು ವರ್ಷ ಸಮಯವಿದೆ. ವಕೀಲರೇ ಬೇಕೆಂದಿಲ್ಲ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಬೇಕಾದದ್ದು ರಸೀದಿ, ಬಿದ್ದ ಜಾಗದ ಫೋಟೋ, ಆಸ್ಪತ್ರೆಯ ಚೀಟಿ. ಇದನ್ನೆಲ್ಲ ಹೆಣ್ಣಿನ ತಂದೆಗೆ ಯಾರೋ ತಿಳಿದವರು ಹೇಳಿ, ಅವರು ರಸೀದಿ ಹುಡುಕಿಕೊಂಡು ಮರುದಿನ ಮಂಟಪದ ಆಫೀಸಿಗೆ ಹೋದರೆ, ಮ್ಯಾನೇಜರು ಅಡ್ವಾನ್ಸಿನ ಲೆಕ್ಕ ಮುಗಿಸಿ ಇಟ್ಟಿರುತ್ತಾರೆ. ಕರೆಂಟು ಇಷ್ಟು, ಜನರೇಟರಿನ ಡೀಸೆಲ್ ಇಷ್ಟು, ಕಸ ಸಾಗಿಸಿದ್ದು ಇಷ್ಟು. ಕೊನೆಯ ಸಾಲಿನಲ್ಲಿ ಮೂರು ಸಾವಿರದ ಐನೂರು ಹಿಡಿದಿರುವುದು ಯಾಕೆಂದು ಕೇಳಿದರೆ ಮ್ಯಾನೇಜರು ತಲೆ ಎತ್ತಿ, ಸ್ವಲ್ಪ ಬೇಸರದಿಂದಲೇ ಹೇಳುತ್ತಾರೆ:

"ವಾಶ್ ಬೇಸಿನ್ ಸಾರ್. ನಿಮ್ಮ ಬೀಗರ ಕಡೆಯ ಅಮ್ಮ ಬೀಳುವಾಗ ಹಿಡ್ಕೊಂಡು ಕಿತ್ತು ಹಾಕಿದಾರೆ."