ಪ್ರಥಮಪುಟಪ್ರಾಪ್ತಿ ಮೀಮಾಂಸೆ: ಐದು ತಾಲ್ಲೂಕುಗಳ ಶೋಧಶಾಸ್ತ್ರವನ್ನು ಕುರಿತ ಒಂದು ಗಂಭೀರ ಅಧ್ಯಯನ

ಗೂಗಲ್ ಹುಟ್ಟಿದ್ದು 1998ರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಇಬ್ಬರ ಕೈಯಲ್ಲಿ ಎಂದು ಲೋಕ ನಂಬಿಕೊಂಡಿದೆ. ಪ್ರಸ್ತುತ ಪ್ರಬಂಧವು ಈ ನಂಬಿಕೆಯನ್ನು ಸವಿನಯವಾಗಿ ತಳ್ಳಿಹಾಕುತ್ತದೆ. ಲ್ಯಾರಿ ಪೇಜ್, ಸರ್ಗೆಯ್ ಬ್ರಿನ್ ಇಬ್ಬರೂ ಬುದ್ಧಿವಂತರೇ, ಅದರಲ್ಲಿ ತಕರಾರಿಲ್ಲ. ಆದರೆ ಹುಡುಕಿಕೊಂಡು ಬಂದವನಿಗೆ ಯಾರ ಅಂಗಡಿಯನ್ನು ಮೊದಲು ತೋರಿಸಬೇಕು, ಯಾರದನ್ನು ಆಮೇಲೆ, ಯಾರದನ್ನು ತೋರಿಸಲೇಬಾರದು ಎಂಬ ಶಾಸ್ತ್ರವು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಬಸ್‌ಸ್ಟ್ಯಾಂಡುಗಳಲ್ಲಿ ಅದಕ್ಕೂ ಎಷ್ಟೋ ಮೊದಲೇ ಪಕ್ವವಾಗಿತ್ತು. ಪೇಟೆಂಟ್ ಮಾಡಿಸಲು ಚೆನ್ನೈವರೆಗೆ ಹೋಗಬೇಕಿತ್ತು. ಸುಗ್ಗಿ ಅಡ್ಡ ಬಂತು.

ಈ ವಾದಕ್ಕೆ ಆಧಾರವನ್ನು ಸ್ವತಃ ಗೂಗಲ್ಲೇ ಒದಗಿಸುತ್ತದೆ. ಒಂದು ಊರಿನ ಅಂಗಡಿಗಳನ್ನು ತಾನು ಮೂರು ಮಾನದಂಡಗಳ ಮೇಲೆ ಸಾಲಾಗಿ ಕೂರಿಸುತ್ತೇನೆ ಎಂದು ಅದು ಬಹಿರಂಗವಾಗಿ ಹೇಳಿಕೊಂಡಿದೆ: ಕೇಳಿದ್ದಕ್ಕೂ ಅಂಗಡಿಗೂ ಇರುವ ಸಂಬಂಧ, ಕೇಳಿದವನಿಂದ ಅಂಗಡಿಗಿರುವ ದೂರ, ಅಂಗಡಿಯ ಹೆಸರುವಾಸಿ. ಈಗ ಕೂಡ್ಲಿಗಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಮುಂದೆ ನಡೆಯಬಹುದಾದ ಒಂದು ಸಂವಾದವನ್ನು ಪರಿಶೀಲಿಸೋಣ.

"ಅಣ್ಣಾರ, ಮೋಟರ್ ವೈಂಡಿಂಗ್ ಮಾಡೋರು ಇಲ್ಲಿ ಯಾರದಾರ್ರಿ?"

"ಯಾವ ಮೋಟರ್ರಿ? ಬೋರಿಂದಾ, ಮನಿ ನೀರಿಂದಾ?"

"ಬೋರಿಂದು. ಐದು ಎಚ್‌ಪಿ."

"ಹಂಗಾದ್ರ ಈ ಮುಂದಿನ ಅಂಗ್ಡಿ ಬ್ಯಾಡ, ಅವ ಫ್ಯಾನ್ ಅಷ್ಟ ಮಾಡ್ತಾನ. ಸಂಡೂರು ರೋಡಿನಾಗ ಒಬ್ಬಾತ ಅದಾನ, ಸುತ್ತಿನ ಹಳ್ಳಿಯವರೆಲ್ಲ ಅಲ್ಲೇ ಹಾಕ್ತಾರ. ಮಧ್ಯಾಹ್ನ ಊಟಕ್ಕ ಹೋಗ್ತಾನ, ಈಗ್ಲೇ ಹೋಗ್ರಿ."

ಮೊದಲು ಸಂಬಂಧ ವಿಚಾರಿಸಲಾಯಿತು. ಹತ್ತಿರದ ಅಂಗಡಿಯನ್ನು ಪರಿಗಣಿಸಿ, ಸಂಬಂಧ ಸಾಲದೆಂದು ಕೆಳಗಿಳಿಸಲಾಯಿತು. ಹೆಸರುವಾಸಿಯನ್ನು ಹಳ್ಳಿಗರ ಸಾಕ್ಷ್ಯದಿಂದ ಸ್ಥಾಪಿಸಲಾಯಿತು. ಕೊನೆಗೆ ಅಂಗಡಿ ತೆರೆದಿರುವ ವೇಳೆಯನ್ನೂ ಸೇರಿಸಲಾಯಿತು. ಸರ್ವರ್ ಇಲ್ಲ, ಕರೆಂಟ್ ಹೋದರೂ ನಿಲ್ಲುವುದಿಲ್ಲ, ಜಾಹೀರಾತು ಮಾತ್ರ ಒಂದೇ: "ಚಹಾ ಕುಡದು ಹೋಗ್ರಿ."

ನಾಮಾಧಿಕರಣ

ಇಷ್ಟು ಪರಿಪೂರ್ಣ ವ್ಯವಸ್ಥೆಯಿದ್ದರೂ ಈ ಐದು ಊರುಗಳ ವ್ಯಾಪಾರಿಗಳು ಗೂಗಲ್ಲಿನಲ್ಲಿ ಯಾಕೆ ಸಿಗುವುದಿಲ್ಲ ಎಂಬುದು ಪ್ರಬಂಧದ ಮುಖ್ಯ ಸಮಸ್ಯೆ. ಕಾರಣವನ್ನು ಹುಡುಕಲು ನಾವು ಶಾಸನಶಾಸ್ತ್ರದ ಮೊರೆಹೋಗಿದ್ದೇವೆ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿಯಲ್ಲಿ ರಾಷ್ಟ್ರಕೂಟರ, ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಿವೆ. ಅವುಗಳನ್ನು ವಿದ್ವಾಂಸರು ಓದಿ ಮುಗಿಸಿದ್ದಾರೆ. ಅದೇ ತಾಲ್ಲೂಕು ಕೇಂದ್ರದ ಅಂಗಡಿ ಬೋರ್ಡುಗಳನ್ನು ಮಾತ್ರ ಯಾವ ವಿಶ್ವವಿದ್ಯಾಲಯವೂ ಮುಟ್ಟಿಲ್ಲ.

ಹರಪನಹಳ್ಳಿಯ ಒಂದು ಹಳೆಯ ತಗಡಿನ ಬೋರ್ಡನ್ನು ಕಲ್ಪಿಸಿಕೊಳ್ಳಿ. ಹಳದಿ ನೆಲ, ಕೆಂಪು ಅಕ್ಷರ, ಅಕ್ಷರಕ್ಕೆ ಕಪ್ಪು ನೆರಳು. ಕೆಳಗಿನ ಸಾಲಿನ ಬಲತುದಿಯಲ್ಲಿ ಜಿಲ್ಲೆಯ ಹೆಸರಿರುವ ಜಾಗದಲ್ಲಿ ಮಾತ್ರ ಬಣ್ಣ ರೊಟ್ಟಿಯಷ್ಟು ದಪ್ಪ. ಉಗುರಿನಿಂದ ಕೆರೆದರೆ ಪದರಗಳು ಏಳುತ್ತವೆ. ಎಲ್ಲಕ್ಕೂ ಅಡಿಯಲ್ಲಿ "ಬಳ್ಳಾರಿ ಜಿಲ್ಲೆ". ಅದರ ಮೇಲೆ, 1997ರಲ್ಲಿ ತಾಲ್ಲೂಕು ಹೊಸ ಜಿಲ್ಲೆಗೆ ಸೇರಿದಾಗಿನ "ದಾವಣಗೆರೆ ಜಿಲ್ಲೆ". ಅದರ ಮೇಲೆ ಸಂವಿಧಾನದ 371-ಜೆ ವಿಧಿಯ ಸವಲತ್ತಿಗಾಗಿ ಹೋರಾಟ ನಡೆದು 2018ರಲ್ಲಿ ಹಿಂತಿರುಗಿದಾಗಿನ ಮತ್ತೊಂದು "ಬಳ್ಳಾರಿ ಜಿಲ್ಲೆ". ಎಲ್ಲಕ್ಕಿಂತ ಮೇಲೆ, ಇನ್ನೂ ಮಿರುಗುತ್ತಿರುವ, 2021ರ "ವಿಜಯನಗರ ಜಿಲ್ಲೆ". ಅಂಗಡಿಯವನು ಕಟ್ಟೆಯಿಂದ ಕದಲದೆ ನಾಲ್ಕು ಸಲ ಜಿಲ್ಲೆ ಕಂಡಿದ್ದಾನೆ. ಅವನ ಹಳೆಯ ಬೈಕು ಕೆಎ-17, ಹೊಸದು ಕೆಎ-35. ಬದಲಾಗದೆ ಉಳಿದದ್ದು 583131 ಎಂಬ ಪಿನ್‌ಕೋಡ್ ಒಂದೇ. ಅಂಚೆ ಇಲಾಖೆಗೆ ಸ್ಥಿರಬುದ್ಧಿಯ ಪ್ರಶಸ್ತಿ ಕೊಡಬೇಕೆಂದು ನಮ್ಮ ಶಿಫಾರಸು.

ಈಗ ಶೋಧಶಾಸ್ತ್ರದ ಒಂದು ಮೂಲತತ್ತ್ವ: ಅಂಗಡಿಯ ಹೆಸರು, ವಿಳಾಸ, ಫೋನ್ ನಂಬರು ಎಲ್ಲೆಲ್ಲಿ ಬರುತ್ತವೋ ಅಲ್ಲೆಲ್ಲ ಒಂದೇ ತೆರನಾಗಿರಬೇಕು. ಇಲ್ಲವಾದರೆ ಯಂತ್ರಕ್ಕೆ ಇದು ಒಂದೇ ಅಂಗಡಿಯೋ ನಾಲ್ಕೋ ಎಂಬ ಅನುಮಾನ ಬರುತ್ತದೆ. ಹಳೆಯ ಡೈರೆಕ್ಟರಿಯಲ್ಲಿ ದಾವಣಗೆರೆ, ಜಿಎಸ್‌ಟಿ ಸರ್ಟಿಫಿಕೇಟಿನಲ್ಲಿ ಬಳ್ಳಾರಿ, ಫೇಸ್‌ಬುಕ್ಕಿನಲ್ಲಿ ವಿಜಯನಗರ ಎಂದಿದ್ದರೆ ಯಂತ್ರ ಏನು ಮಾಡೀತು? "ವಿಜಯನಗರ" ಎಂದರಂತೂ ಅದರ ಮುಂದೆ ಬೆಂಗಳೂರಿನ ಮೆಟ್ರೊ ನಿಲ್ದಾಣವೂ ಇದೆ, ಮೈಸೂರಿನ ಬಡಾವಣೆಯೂ ಇದೆ, ಆಂಧ್ರದ ವಿಜಯನಗರಂ ಕೂಡ ಇದೆ. ಕೃಷ್ಣದೇವರಾಯನಿಗೂ ಇಷ್ಟು ಪ್ರತಿಸ್ಪರ್ಧಿಗಳಿರಲಿಲ್ಲ. ಕೊಟ್ಟೂರಿನದೂ ಇದೇ ಪಾಡು: ಆಂಧ್ರದ ಶ್ರೀಕಾಕುಳಂ ಕಡೆಗೊಂದು, ಹೈದರಾಬಾದಿನ ಬಳಿ ಸರಿಸುಮಾರು ಅದೇ ಹೆಸರಿನದೊಂದು, ಚೆನ್ನೈಯಲ್ಲಿ ಕೊಟ್ಟೂರುಪುರಂ.

ಪಾಠಾಂತರಗಳ ವಿಷಯ ಬೇರೆಯೇ ಗ್ರಂಥಕ್ಕಾಗುವಷ್ಟಿದೆ. ಹೂವಿನಹಡಗಲಿಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲಿಗೆ ಒಂದು "ಯು" ಹಾಕುವ ಪಂಥ, ಎರಡು "ಓ" ಹಾಕುವ ಪಂಥ. ಕೊನೆಗೆ ಒಂದು "ಎಲ್" ಸಾಕೆನ್ನುವವರು, ಎರಡು ಬೇಕೆನ್ನುವವರು. ಹಗರಿಬೊಮ್ಮನಹಳ್ಳಿಯನ್ನು ಪೂರ್ತಿ ಟೈಪು ಮಾಡುವಷ್ಟರಲ್ಲಿ ಗಿರಾಕಿಯ ಹುಮ್ಮಸ್ಸೇ ಇಳಿಯುವುದರಿಂದ ಅಲ್ಲಿನವರು "ಎಚ್‌ಬಿ ಹಳ್ಳಿ" ಎಂದು ಮುಗಿಸುತ್ತಾರೆ. ಹೀಗಾಗಿ ಅಂಗಡಿಯ ವೆಬ್‌ಸೈಟಿನ ಪುಟದಲ್ಲಿ ಕನ್ನಡದ ಹೆಸರು, ಇಂಗ್ಲಿಷಿನ ಹೆಸರು, ಜನರ ಬಾಯಲ್ಲಿರುವ ಹೆಸರು ಮೂರೂ ಸಹಜವಾಗಿ ಒಂದೊಂದು ಸಲ ಬರುವಂತೆ ಬರೆಯುವುದು ಕ್ಷೇಮ. ಒಂದೊಂದು ಸಲ ಎಂದೆವು. ಕೆಲವರು "ಬೆಸ್ಟ್ ಬೋರ್‌ವೆಲ್ ಮೋಟರ್ ರಿಪೇರಿ ಇನ್ ಕೂಡ್ಲಿಗಿ ನಿಯರ್ ಮಿ" ಎಂಬುದನ್ನೇ ಅಂಗಡಿಯ ಹೆಸರೆಂದು ನಮೂದಿಸಿ ಬೀಗುತ್ತಾರೆ. ಬೋರ್ಡಿನಲ್ಲಿಲ್ಲದ ಹೆಸರನ್ನು ನಕ್ಷೆಯಲ್ಲಿ ಕಾಣುವ ಬಿಸಿನೆಸ್ ಪ್ರೊಫೈಲಿಗೆ ಹಾಕುವುದು ಗೂಗಲ್ಲಿನ ನಿಯಮಕ್ಕೆ ವಿರುದ್ಧ, ಪ್ರೊಫೈಲೇ ಅಮಾನತಾಗಬಹುದು. ಮೇಲಾಗಿ, "ನಿಯರ್ ಮಿ" ಎಂಬ ಹೆಸರಿನ ಮಗುವನ್ನು ಯಾವ ತಾಯಿ ಹೆತ್ತಾಳು?

ಕೊಟ್ಟೂರಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಲ್ಲಿ ಕಿರಾಣಿ, ಮೆಡಿಕಲ್, ಖಾನಾವಳಿ, ಟೈರು ಪಂಕ್ಚರು ಎಲ್ಲದರ ಮೇಲೂ "ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ". ಮಾಲೀಕ ಕೊಟ್ರೇಶ್, ಇಲ್ಲವೆ ಕೊಟ್ರಪ್ಪ, ಇಲ್ಲವೆ ಕೊಟ್ರಗೌಡ. ಲೆಕ್ಕ ಬರೆಯುವಾಕೆ ಕೊಟ್ರಮ್ಮ. ಭಕ್ತಿಯ ದೃಷ್ಟಿಯಿಂದ ಇದು ನಿರ್ದುಷ್ಟ, ಶೋಧದ ದೃಷ್ಟಿಯಿಂದ ಕಗ್ಗಂಟು. ದೇವರ ಹೆಸರು ಮುಂದಿರಲಿ, ಹಿಂದೆ ಏನು ಮಾರುತ್ತೀರಿ ಎಂಬುದೂ ಇರಲಿ.

ಒಳಗೆ ಉಜ್ಜಿನಿ, ಹೊರಗೆ ಹಂಪಿ

ಎಸ್‌ಇಒ ಪಂಡಿತರು (ಹುಡುಕಾಟದಲ್ಲಿ ಪುಟವನ್ನು ಮೇಲಕ್ಕೆ ತರುವವರು) ತಮ್ಮ ವಿದ್ಯೆಯನ್ನು ಎರಡು ಭಾಗ ಮಾಡುತ್ತಾರೆ: ಆನ್-ಪೇಜ್, ಎಂದರೆ ಪುಟದ ಒಳಗಿನ ಕೆಲಸ, ಆಫ್-ಪೇಜ್, ಎಂದರೆ ಹೊರಗಿನ ಕೀರ್ತಿ. ಇದನ್ನು ಅವರು ಕ್ಯಾಲಿಫೋರ್ನಿಯಾದಿಂದ ಬಂದದ್ದೆಂದು ತಿಳಿದಿದ್ದಾರೆ. ಹಂಪಿಯನ್ನು ಹೊರಗೆ ನಿಂತು ನೋಡಬೇಕು, ಉಜ್ಜಿನಿಯನ್ನು ಒಳಗೆ ಹೋಗಿ ನೋಡಬೇಕು ಎಂಬ ಮಾತು ಈ ಸೀಮೆಯಲ್ಲಿ ಅನಾದಿ. ಕೊಟ್ಟೂರು ಬಳಿಯ ಉಜ್ಜಿನಿಯ ಮರುಳಸಿದ್ಧೇಶ್ವರ ಗುಡಿಯ ಒಳಗಿನ ಕೆತ್ತನೆ ಕಂಡವರಿಗೆ ಆ ಮಾತಿನ ಅರ್ಥ ವಿವರಿಸಬೇಕಿಲ್ಲ. ವಿಭಾಗವನ್ನು ಮಾಡಿದವರು ಯಾರು ಎಂಬುದು ಇಲ್ಲಿಗೆ ಇತ್ಯರ್ಥವಾಯಿತು.

ಒಳಗಿನ ಕೆಲಸದ ಮಾದರಿಯಾಗಿ ಒಂದು ಶೇಂಗಾ ಎಣ್ಣೆ ಗಾಣದ ವೆಬ್‌ಸೈಟನ್ನು ತೆಗೆದುಕೊಳ್ಳೋಣ. ಮೇಲ್ಗಡೆ ಸೂಟು ತೊಟ್ಟ ಇಬ್ಬರು ವಿದೇಶೀಯರು ಕೈಕುಲುಕುತ್ತಿದ್ದಾರೆ. ಅವರು ಗಾಣಕ್ಕೆ ಯಾವ ಕಡೆಯಿಂದ ಸಂಬಂಧ ಎಂಬುದು ಮಾಲೀಕನಿಗೂ ತಿಳಿಯದು. ಕೆಳಗೆ ಇಂಗ್ಲಿಷಿನಲ್ಲಿ "ಜಾಗತಿಕ ಗುಣಮಟ್ಟದ ಸಮಗ್ರ ಪರಿಹಾರಗಳು". ಇಡೀ ಸೈಟಿನಲ್ಲಿ "ಶೇಂಗಾ" ಎಂಬ ಪದವಿಲ್ಲ, "ಎಣ್ಣೆ" ಎಂಬ ಪದವಿಲ್ಲ, ಲೀಟರಿಗೆ ಎಷ್ಟು ಎಂಬುದಿಲ್ಲ, ನಮ್ಮ ಶೇಂಗಾ ತಂದರೆ ಹಿಂಡಿಕೊಡುತ್ತೀರಾ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಬರೆಯದ ಪದಕ್ಕೆ ಪುಟವನ್ನು ತೋರಿಸು ಎಂದರೆ ಗೂಗಲ್ ಏನು ಅಂಜನ ಹಾಕಿ ನೋಡುತ್ತದೆಯೇ? ಬದಲಿಗೆ ಪುಟದ ಹೊಟ್ಟೆಯೊಳಗೆ ಕಾಣದಂತೆ ನೂರೆಂಟು ಕೀವರ್ಡ್ ಅಡಗಿಸಿಟ್ಟಿರುತ್ತಾರೆ. ಆ ಕೀವರ್ಡ್ ಟ್ಯಾಗನ್ನು ತಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲವೆಂದು ಗೂಗಲ್ 2009ರಲ್ಲೇ ಸಾರಿದೆ. ಸುದ್ದಿ ಕೆಲವರಿಗೆ ಇನ್ನೂ ತಲುಪಿಲ್ಲ.

ಹೊರಗಿನ ಕೀರ್ತಿಗೆ ಉದಾಹರಣೆ ಹಡಗಲಿ ಮಲ್ಲಿಗೆ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ ಮೂರಕ್ಕೂ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. ಸರ್ಕಾರಿ ದೃಷ್ಟಿಯಲ್ಲಿ ಮೂವರೂ ಸಮಾನರು. ಆದರೆ ಮೈಸೂರಿನ ಹೂವಿಗೆ 1942ರಲ್ಲಿ ಕೆ.ಎಸ್. ನರಸಿಂಹಸ್ವಾಮಿಯವರ ಕವನ ಸಂಕಲನದ ಬ್ಯಾಕ್‌ಲಿಂಕ್ (ಹೊರಗಿನಿಂದ ಬೆರಳು ತೋರಿಸುವ ಕೊಂಡಿ) ಸಿಕ್ಕಿತು. ಆಮೇಲೆ ಭಾವಗೀತೆಗಳ ಕ್ಯಾಸೆಟ್, 1992ರಲ್ಲಿ ನಾಗಾಭರಣರ ಸಿನಿಮಾ. ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಆಫ್-ಪೇಜ್ ಕಾರ್ಯಾಚರಣೆ ನಡೆದದ್ದು ನಮ್ಮ ಗಮನಕ್ಕೆ ಬಂದಿಲ್ಲ. ಹಡಗಲಿಯ ಹೂವು ಊರ ಹೆಸರಿಗೇ ಸೇರಿಕೊಂಡಿದ್ದರೂ ಗೂಗಲ್ಲಿನಲ್ಲಿ ಬರೀ "ಮಲ್ಲಿಗೆ" ಎಂದು ಹುಡುಕುವವನ ಮುಂದೆ ಸಂಕಲನ, ಹಾಡು, ಸಿನಿಮಾ ಎಲ್ಲವನ್ನೂ ದಾಟಿ ಬರಬೇಕು. ಬೆಳೆಗಾರರಿಗೆ ಡ್ರಿಪ್ಪಿಗೆ ಕೊಡುವಂತೆ ಒಬ್ಬ ಕವಿಗೂ ಸಹಾಯಧನ ಕೊಡಬೇಕೆಂಬುದು ತೋಟಗಾರಿಕೆ ಇಲಾಖೆಗೆ ನಮ್ಮ ಸಲಹೆ.

ಇಂಥ ಲಿಂಕಿನ ತೂಕ ನೋಡುವುದೇ ಗೂಗಲ್ಲಿನ ಪೇಜ್‌ರ‍್ಯಾಂಕ್ ತತ್ತ್ವ: ಯಾರು ನಿನ್ನ ಕಡೆ ಬೆರಳು ತೋರಿಸುತ್ತಾರೆ, ಅವರ ಕಡೆ ಎಷ್ಟು ಜನ ಬೆರಳು ತೋರಿಸುತ್ತಾರೆ. ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ನಲವತ್ತು ಮುಖ ಸಾಲಾಗಿ ಕೈಮುಗಿದು ನಿಂತರೂ ಅವರನ್ನು ಅವರ ಓಣಿಯವರೇ ಗುರುತಿಸದಿದ್ದರೆ ಬ್ಯಾನರಿಗೆ ತೂಕವಿಲ್ಲ. ದುಡ್ಡಿಗೆ ಸಾವಿರ ಲಿಂಕ್ ಮಾರುವವರ ಸರಕು ಇಂಥದೇ.

ಮೈಲಾರ ಪ್ರಮಾಣ

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಡೆಂಕನ ಮರಡಿಯಲ್ಲಿ ವ್ರತಧಾರಿ ಗೊರವಯ್ಯ ಎತ್ತರದ ಬಿಲ್ಲನ್ನೇರಿ "ಸದ್ದಲೇ" ಎನ್ನುತ್ತಾರೆ. ಅಷ್ಟು ದೊಡ್ಡ ಜನಸಾಗರ ತಟ್ಟನೆ ಸುಮ್ಮನಾಗುತ್ತದೆ. ಒಂದೇ ಒಂದು ವಾಕ್ಯದ ಕಾರ್ಣಿಕ, ಎಂದರೆ ಭವಿಷ್ಯವಾಣಿ, ನುಡಿದು ಅವರು ಮೇಲಿನಿಂದ ಬೀಳುತ್ತಾರೆ, ಕೆಳಗೆ ನಿಂತವರು ಹಿಡಿದುಕೊಳ್ಳುತ್ತಾರೆ. ಅಲ್ಲಿಂದ ಶುರು ವ್ಯಾಖ್ಯಾನ. ರೈತ ಆ ವಾಕ್ಯದಲ್ಲಿ ಮಳೆ ಕಾಣುತ್ತಾನೆ, ಜೋಳದ ವ್ಯಾಪಾರಿ ಧಾರಣೆ ಕಾಣುತ್ತಾನೆ, ಶಾಸಕರ ಹಿಂಬಾಲಕರು ಮಂತ್ರಿಗಿರಿ ಕಾಣುತ್ತಾರೆ.

ಗೂಗಲ್ಲಿನ ಕೋರ್ ಅಪ್‌ಡೇಟ್ (ಫಲಿತಾಂಶಗಳ ಸಾಲನ್ನು ಅಲುಗಿಸುವ ದೊಡ್ಡ ತಿದ್ದುಪಡಿ) ಎಂಬುದು ಇದರ ವಲಸೆ ಹೋದ ಶಾಖೆ. ವರ್ಷಕ್ಕೆ ಕೆಲವು ಸಲ ಅದು ಒಂದೆರಡು ವಾಕ್ಯ ನುಡಿಯುತ್ತದೆ: ಅಪ್‌ಡೇಟ್ ಬಿಟ್ಟಿದ್ದೇವೆ, ಪೂರ್ತಿ ಹರಡಲು ವಾರಗಳು ಹಿಡಿಯಬಹುದು. ಅಷ್ಟೇ. ಆಮೇಲೆ ಎಸ್‌ಇಒ ಕನ್ಸಲ್ಟಂಟರು ಆ ವಾಕ್ಯದಲ್ಲಿ ತಮ್ಮ ತಮ್ಮ ಪ್ಯಾಕೇಜಿನ ದರ ಕಾಣುತ್ತಾರೆ. ವ್ಯತ್ಯಾಸ ಒಂದಿದೆ, ಅದನ್ನು ಮುಚ್ಚಿಡುವುದು ವಿದ್ವತ್ತಿಗೆ ಒಪ್ಪದು: ಮೈಲಾರದಲ್ಲಿ ನುಡಿದವರೇ ಬೀಳುತ್ತಾರೆ, ಹಿಡಿಯಲು ಜನವಿದ್ದಾರೆ. ಗೂಗಲ್ ನುಡಿದರೆ ಬೀಳುವವನು ಎಲ್ಲೋ ಒಬ್ಬ ಅಂಗಡಿಯವನು, ಹಿಡಿಯಲು ಯಾರೂ ಇಲ್ಲ.

ಹಿಂದೆ ಗೂಗಲ್ಲಿನ ಕೆಲವು ಅಪ್‌ಡೇಟ್‌ಗಳಿಗೆ ಪ್ರಾಣಿಪಕ್ಷಿಗಳ ಹೆಸರಿರುತ್ತಿತ್ತು. 2011ರ ಪಾಂಡಾ ಜೊಳ್ಳು ಬರಹದ ಪುಟಗಳನ್ನು ತಿಂದಿತು, 2012ರ ಪೆಂಗ್ವಿನ್ ಕೊಂಡ ಲಿಂಕುಗಳನ್ನು ನುಂಗಿತು, 2014ರಲ್ಲಿ ಊರಿನ ಮಟ್ಟದ ಹುಡುಕಾಟವನ್ನು ಬದಲಿಸಿದ್ದಕ್ಕೆ ಪಂಡಿತರೇ ಪಾರಿವಾಳ ಎಂದು ಹೆಸರಿಟ್ಟರು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಕರಡಿಧಾಮವೇ ಇರುವಾಗ ಚೀನಾದ ಪಾಂಡಾವನ್ನು ಕರೆಸಿದ್ದು ಏಕೆ ಎಂಬುದು ನಮ್ಮ ತಕರಾರು. ಹಕ್ಕಿಯೇ ಬೇಕಿದ್ದರೆ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಗೆ 2024ರಲ್ಲಿ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಅಲ್ಲಿಗೆ ಬರುವ ಹಕ್ಕಿಗಳು ಐದು ಸ್ಟಾರ್ ರಿವ್ಯೂ ಬರೆಯುವುದಿಲ್ಲ, ಮರುವರ್ಷ ಮತ್ತೆ ಬರುತ್ತವೆ.

ಸಿದ್ಧಾಂತ

ಪೂರ್ವಪಕ್ಷದವರು ಫೋನ್ ಮಾಡಿ ಹೇಳುವುದು ಹೀಗೆ: "ಸರ್, ಮೊದಲ ಪುಟದಲ್ಲಿ ಒಂದನೇ ನಂಬರ್ ಗ್ಯಾರಂಟಿ, ಈ ತಿಂಗಳಷ್ಟೇ ಆಫರ್." ಇದಕ್ಕೆ ಖಂಡನೆ ಬರೆಯುವ ಶ್ರಮವನ್ನು ಗೂಗಲ್ ಉಳಿಸಿದೆ. ಒಂದನೇ ಸ್ಥಾನವನ್ನು ಯಾರೂ ಗ್ಯಾರಂಟಿ ಕೊಡಲಾರರು ಎಂದು ಅದೇ ಬರೆದಿಟ್ಟಿದೆ. ನಕ್ಷೆಯ ಮೇಲೆ ಅಂಗಡಿಯನ್ನು ಕಾಣಿಸುವ ಬಿಸಿನೆಸ್ ಪ್ರೊಫೈಲಿಗೆ ನಯಾಪೈಸೆ ಶುಲ್ಕವಿಲ್ಲ. ಹಾಗಾದರೆ ಆಫರಿನಲ್ಲಿ ಕಡಿಮೆ ಮಾಡಿದ್ದು ಯಾವ ದುಡ್ಡು?

ಕೊಟ್ಟೂರಿನ ತೇರಿನ ದಿನ ಪಾದಯಾತ್ರೆಯಲ್ಲಿ ಬಂದ ಪರಊರಿನವನು ಮೊಬೈಲ್ ತೆಗೆದು ಲಾಡ್ಜು ಹುಡುಕುತ್ತಾನೆ. ಬಸ್‌ಸ್ಟ್ಯಾಂಡಿನ ಚಹಾದವನನ್ನು ಕೇಳಲು ಅವನಿಗೆ ಸಂಕೋಚ. ನಿಮ್ಮ ವೆಬ್‌ಸೈಟು ಬೇಕಿರುವುದು ಇಂಥವನಿಗೆ. ಅವನಿಗೆ ಜಾಗತಿಕ ಪರಿಹಾರ ಬೇಡ. ಕೋಣೆ ಇದೆಯಾ, ಬಿಸಿನೀರು ಬರುತ್ತದಾ, ಯಾರಿಗೆ ಫೋನ್ ಮಾಡಬೇಕು ಎಂಬುದು ಕನ್ನಡದಲ್ಲಿ ಸಿಕ್ಕರೆ ಸಾಕು. ಆದ್ದರಿಂದ ಐದೂ ತಾಲ್ಲೂಕುಗಳ ಅಂಗಡಿಕಾರರಲ್ಲಿ ಈ ಪ್ರಬಂಧಕಾರನ ವಿನಂತಿ: ಕನ್ಸಲ್ಟಂಟಿಗೆ ಅಡ್ವಾನ್ಸ್ ಕೊಡುವ ಮುಂಚೆ ನಿಮ್ಮ ಸೈಟು ತೆರೆದು, ಅಲ್ಲಿರುವ ನಂಬರಿಗೆ ನೀವೇ ಒಮ್ಮೆ ಫೋನ್ ಹಚ್ಚಿ ನೋಡ್ರಿ. ಯಾರು ಎತ್ತುತ್ತಾರೋ ನೋಡೋಣ.