ಕ್ವಾಂಟಮ್ ಹುಡುಕಾಟಕ್ಕೆ ಬ್ರೇಕ್ ಹಾಕುವ ಕ್ರಮ

ಹುಡುಕು ಯಂತ್ರ ಕೊಂಡ ತಮಗೆ ವಂದನೆಗಳು. ಡಬ್ಬ ಬಿಚ್ಚುವ ಮುಂಚೆ ಒಂದು ಮಾತು. ನಿಮ್ಮ ಪಟ್ಟಿ ಅಕಾರಾದಿಯಲ್ಲಿದ್ದರೆ ಯಂತ್ರವನ್ನು ಹಾಗೇ ವಾಪಸ್ ಕಳಿಸಿ. ಹತ್ತು ಲಕ್ಷ ಹೆಸರಿದ್ದರೂ ನಡುವಿನಿಂದ ನೋಡಿ ಅರ್ಧರ್ಧ ಬಿಡುತ್ತ ಹೋದರೆ 20 ಸಲಕ್ಕೆ ಮುಗಿಯುತ್ತದೆ. ಈ ಯಂತ್ರ ಇರುವುದು ಫೋನ್ ನಂಬರ್ ಗೊತ್ತು, ಹೆಸರು ಗೊತ್ತಿಲ್ಲ ಎನ್ನುವ ಫಜೀತಿಗೆ.

ಅಂಥ ಪಟ್ಟಿಯಲ್ಲಿ ಮಾಮೂಲಿ ಕಂಪ್ಯೂಟರ್ ಸರಾಸರಿ 5 ಲಕ್ಷ ಸಲ ಇಣುಕಬೇಕು. ಬೆಲ್ ಲ್ಯಾಬ್ಸ್‌ನ ಲವ್ ಗ್ರೋವರ್ 1996ರಲ್ಲಿ ತೋರಿಸಿಕೊಟ್ಟ ಹಾಗೆ ಈ ಯಂತ್ರದ ಹಿಡಿ ತಿರುಗಿಸಿದರೆ ಸುಮಾರು 785 ಸುತ್ತು ಸಾಕು. ಅಲ್ಲಿಗೆ ನಿಲ್ಲಿಸಿ. ‘ಇನ್ನಷ್ಟು ತಿರುಗಲಿ, ಕಾಫಿ ಕುಡಿದು ಬರೋಣ’ ಎಂದು ಹೋದಿರೋ, 1,570ನೇ ಸುತ್ತಿನ ಹೊತ್ತಿಗೆ ಉತ್ತರ ಉಯ್ಯಾಲೆಯಂತೆ ಹೊರಟಲ್ಲಿಗೇ ಮರಳಿರುತ್ತದೆ. ಹುಡುಕುವ ನಂಬರ್ ನಾಲ್ಕು ಜನರದಾಗಿದ್ದರೆ ಅರ್ಧದಷ್ಟು ಸುತ್ತಿಗೇ ನಿಲ್ಲಿಸಬೇಕು. ಎಷ್ಟು ಜನರದೆಂದು ಮೊದಲೇ ಯಾರಿಗೆ ಗೊತ್ತು? ನಡುನಡುವೆ ಮುಚ್ಚಳ ತೆಗೆದು ನೋಡೋಣವೆಂದರೆ ಅಷ್ಟೂ ಸುತ್ತು ದಂಡ.

ಈಗ ಬ್ರೇಕಿನ ವಿಚಾರ. ಬ್ಯಾಂಕಿನ ಗಾಜಿನ ಬಾಗಿಲ ಮೇಲೆ ಡೋರ್ ಕ್ಲೋಸರ್ ಇರುತ್ತದಲ್ಲ, ಅದರ ಬದಿಯ ಪುಟ್ಟ ಸ್ಕ್ರೂ ನೋಡಿ. ಸಡಿಲ ಬಿಟ್ಟರೆ ಬಾಗಿಲು ಧಡಾರನೆ ಬಡಿಯುತ್ತದೆ. ಅತಿ ಬಿಗಿದರೆ ನಿಮ್ಮ ಹಿಂದೆ ಬಂದವರೂ ಒಳಗೆ ನುಸುಳುವಷ್ಟು ನಿಧಾನ. ನಡುವೆ ಒಂದು ಹದವಿದೆ; ಒಳಗಿನ ಎಣ್ಣೆ ರಭಸವನ್ನೆಲ್ಲ ನುಂಗಿ ಬಾಗಿಲನ್ನು ಮೆತ್ತಗೆ ಕೂರಿಸುತ್ತದೆ. ಭೌತವಿಜ್ಞಾನಿ ಆರಿ ಮಿಜೆಲ್ 2009ರಲ್ಲಿ ಗ್ರೋವರ್ ಯಂತ್ರಕ್ಕೆ ಇಂಥದೇ ಸ್ಕ್ರೂ ಜೋಡಿಸಿದರು. ಪಕ್ಕದಲ್ಲೊಂದು ಸಹಾಯಕ ಕ್ಯೂಬಿಟ್ (ಕ್ವಾಂಟಮ್ ಬಿಟ್). ಉತ್ತರದತ್ತ ಜಾರಿದ್ದರ ಗುರುತು ಅದರ ಮೂಲಕ ಹೊರಗೆ ಸೋರುತ್ತದೆ. ಸೋರಿದ್ದು ವಾಪಸ್ ಬಾರದು, ಹಾಗಾಗಿ ಉಯ್ಯಾಲೆಯೂ ಮರಳದು.

ಸ್ಕ್ರೂ ಹದ ಮೀರಿ ಬಿಗಿದರೆ 5 ಲಕ್ಷವನ್ನು 785ಕ್ಕೆ ಇಳಿಸಿದ ಲಾಭವೆಲ್ಲ ಹೋಗಿ ಯಂತ್ರ ಮಾಮೂಲಿ ಗುಮಾಸ್ತನಾಗುತ್ತದೆ, ಒಂದೊಂದೇ ಹೆಸರು ತಿರುವುತ್ತ. (ಗುಮಾಸ್ತರು ಮನ್ನಿಸಬೇಕು.) ಬಿಗಿತವನ್ನು ಕ್ರಮವರಿತು ಬದಲಿಸುತ್ತ ಹೋದರೆ, ನಂಬರ್ ಎಷ್ಟು ಜನರದೆಂದು ಗೊತ್ತಿಲ್ಲದ್ದಕ್ಕೆ ತೆರಬೇಕಾದ ದಂಡ ಒಂದೂವರೆ ಪಟ್ಟು ಸುತ್ತು, ಅಷ್ಟೆ. ಅಗ್ಗವೆಂದೇ ನನ್ನ ಲೆಕ್ಕ.

ಎಚ್ಚರಿಕೆ: ಕೋಣೆಯ ಬಿಸಿ, ವೈರಿನ ಗದ್ದಲ ಪುಕ್ಕಟೆಯಾಗಿ ಕೊಡುವ ಘರ್ಷಣೆ ಈ ಬ್ರೇಕ್ ಅಲ್ಲ. ಅದು ಎಣ್ಣೆಗೆ ಮರಳು ಬಿದ್ದ ಹಾಗೆ.

ಡಬ್ಬದೊಳಗೆ ಈ ಕೈಪಿಡಿ ಬಿಟ್ಟು ಬೇರೇನೂ ಇಲ್ಲದಿದ್ದರೆ ಗಾಬರಿಯಾಗಬೇಡಿ. ಹತ್ತು ಲಕ್ಷ ಹೆಸರಿಗೆ 20 ಕ್ಯೂಬಿಟ್ ಹೊಂದಿಸಬಹುದು. ತಪ್ಪಿಲ್ಲದೆ 785 ಸುತ್ತು ತಿರುಗುವ ಹಿಡಿ ಮಾತ್ರ ಇನ್ನೂ ಸ್ಟಾಕ್ ಬಂದಿಲ್ಲ.