ಸೀಟುರಾಯರ ಅಳತೆ

ಲಗ್ಗೆರೆಯ ನಮ್ಮ ಕ್ರಾಸಿನಲ್ಲಿ ಯಾರಾದರೂ ಹೊಸ ಸೈಕಲ್ ತಂದರೆ, ಚಕ್ರಕ್ಕೆ ನಿಂಬೆಹಣ್ಣು ಇಡುವಷ್ಟರಲ್ಲಿ ಸೀಟುರಾಯರು ಹಾಜರು. ಬಣ್ಣ ನೋಡುವುದಿಲ್ಲ, ಗೇರ್ ಎಷ್ಟೆಂದು ಕೇಳುವುದಿಲ್ಲ, ಬೆಲೆಯನ್ನೂ ಕೇಳುವುದಿಲ್ಲ. (ಈ ಕೊನೆಯ ಗುಣಕ್ಕಾಗಿ ಅವರ ಉಳಿದದ್ದನ್ನೆಲ್ಲ ಕ್ಷಮಿಸಬಹುದು.) ಹೆಬ್ಬೆರಳಿನಿಂದ ಸೀಟು ಒತ್ತಿ, "ಜೆಲ್ಲಾ?" ಎನ್ನುತ್ತಾರೆ. ಹೌದೆಂದರೆ ಸಾವಿನ ಮನೆಗೆ ಬಂದವರ ಮುಖ ಮಾಡುತ್ತಾರೆ.

ಅಸಲು ಹೆಸರು ರೇಷನ್ ಕಾರ್ಡಿನಲ್ಲಿದೆ. ಬೀದಿಗೆಲ್ಲ ಅವರು ಸೀಟುರಾಯರೇ. ಪೀಣ್ಯದ ಕಾರ್ಖಾನೆಯೊಂದರ ಕ್ವಾಲಿಟಿ ಕಂಟ್ರೋಲಿನಲ್ಲಿದ್ದು ರಿಟೈರ್ ಆದವರು. ಇಂಥವರ ಕೈಯಿಂದ ವರ್ನಿಯರ್ ಕ್ಯಾಲಿಪರ್ ಕಿತ್ತುಕೊಂಡು, ಶಾಲು ಹೊದಿಸಿ ಮನೆಗೆ ಕಳಿಸಿದರೆ ಅಳೆಯುವ ಚಟ ಎಲ್ಲಿ ಹೋಗಬೇಕು? ಶುಗರ್ ಬಂತೆಂದು ಡಾಕ್ಟರು ಸೈಕಲ್ ತುಳಿಯಲು ಹೇಳಿದರು. ರಿಂಗ್ ರೋಡಿನ ಸರ್ವಿಸ್ ರಸ್ತೆಯ ಹಂಪುಗಳು ಮೊದಲ ವಾರವೇ ಹಿಂಬದಿಯಿಂದ ಪ್ರಶ್ನೆ ಎತ್ತಿದವು. ಅಂದಿನಿಂದ ರಾಯರು ಉತ್ತರ ಹುಡುಕುತ್ತಿದ್ದಾರೆ; ತುಳಿಯುವುದು ಹಾಗೇ ನಿಂತಿದೆ.

"ದಪ್ಪಗಿರೋರಿಗೆ ಅಗಲ ಸೀಟು ಅಂತ ಯಾರ್ರೀ ಹೇಳಿದ್ದು? ಸೀಟು ನೋಡೋದು ಮಾಂಸ ಅಲ್ಲ, ಮೂಳೆ!"

ಮಾತು ಖರೆ. ಕೂತಾಗ ಮೈಭಾರ ಹೊರುವುದು ಸೊಂಟದ ಬುಡದ ಎರಡು ಮೂಳೆಗಳು. ಸೀಟು ಅವೆರಡಕ್ಕೂ ಆಸರೆ ಕೊಡುವಷ್ಟು ಅಗಲವಿರಬೇಕು. ಕಿರಿದಾದರೆ ಭಾರ ನಡುವಿನ ಮೆತ್ತನೆಯ ಜಾಗಕ್ಕೆ ಬಿದ್ದು ಜೋಮು ಹಿಡಿಯುತ್ತದೆ. ತೀರಾ ಅಗಲವಾದರೆ ತೊಡೆ ಉಜ್ಜುತ್ತದೆ. ಮೆತ್ತನೆಯ ಜೆಲ್ ಸೀಟು ಅಂಗಡಿಯಲ್ಲಿ ಹಿತವೇ. ಒಂದಷ್ಟು ದೂರ ತುಳಿದ ಮೇಲೆ ಮೂಳೆ ಅದರೊಳಗೆ ಇಳಿದು, ಜೆಲ್ ಉಬ್ಬಿ, ಒತ್ತಬಾರದ ಕಡೆ ಒತ್ತುತ್ತದೆ. "ಹೆಬ್ಬೆರಳಲ್ಲಿ ಒತ್ತಿ ತಗೋತೀರಲ್ಲ, ಹೆಬ್ಬೆರಳ ಮೇಲೆ ಕೂರ್ತೀರೇನ್ರೀ?" ಎಂದು ರಾಯರು ಗದರುತ್ತಾರೆ, ತಾವೂ ಹೆಬ್ಬೆರಳಿನಿಂದಲೇ ಒತ್ತುತ್ತಾ.

ಅವರಪ್ಪನ ಅಟ್ಲಾಸ್ ಸೈಕಲ್ಲಿಗೆ ಸ್ಪ್ರಿಂಗಿನ ಅಗಲ ಸೀಟು ಇದ್ದುದಕ್ಕೂ ಅವರಲ್ಲಿ ಕಾರಣವಿದೆ: ಅಪ್ಪ ನೆಟ್ಟಗೆ ಕೂತು ತುಳಿಯುತ್ತಿದ್ದರು, ಭಾರವೆಲ್ಲ ಸೀಟಿನ ಮೇಲೆ. ಹ್ಯಾಂಡಲ್ ಮೇಲೆ ಬಗ್ಗಿದಷ್ಟೂ ಸೀಟು ಕಿರಿದಾದರೆ ಸಾಕು. ಇನ್ನು ಬರ್ಮಿಂಗ್‌ಹ್ಯಾಮಿನ ಬ್ರೂಕ್ಸ್ ಸಾಹೇಬರ ವಿಷಯ ಬಂದರೆ, ಸೋದರಮಾವನ ಕಥೆ ಹೇಳುವ ಸಲಿಗೆ. 1866ರಲ್ಲಿ ಚರ್ಮದ ಕೆಲಸ ಶುರುಮಾಡಿದ ಆತ ಕುದುರೆ ಸತ್ತಿತೆಂದು ಸೈಕಲ್ ಹತ್ತಿದರಂತೆ. ಮರದ ಸೀಟಿನ ಮೇಲೆ ಕೂರಲಾಗದೆ ಚರ್ಮದ್ದು ಮಾಡಿ 1882ರಲ್ಲಿ ಪೇಟೆಂಟ್ ಪಡೆದರಂತೆ. "ನೋವಿಲ್ದೆ ಪೇಟೆಂಟಿಲ್ಲ ಕಣ್ರೀ."

ಅಳತೆಯ ಕ್ರಮ ಹೀಗೆ. ಕೊರಿಯರ್ ಬಾಕ್ಸಿನ ರಟ್ಟನ್ನು ಕತ್ತರಿಸಿ ಜಗಲಿಕಲ್ಲಿನ ಮೇಲೆ ಹಾಸುತ್ತಾರೆ. ಅದರ ಮೇಲೆ ಕೂತು, ಮುಂದಕ್ಕೆ ಬಗ್ಗಿ, ಹಿಮ್ಮಡಿ ಎತ್ತಬೇಕು. ಎದ್ದರೆ ರಟ್ಟಿನಲ್ಲಿ ಎರಡು ಗುಳಿ. ರಾಯರು ಅದರ ಮೇಲೆ ಸೀಮೆಸುಣ್ಣ ಅಡ್ಡಡ್ಡ ಉಜ್ಜಿ, ಗುಳಿಯ ನಡುವಿನಿಂದ ನಡುವಿಗೆ ವರ್ನಿಯರ್ ಹಿಡಿಯುತ್ತಾರೆ. ಅವರದು 118 ಮಿಲಿಮೀಟರ್. ಅದಕ್ಕೆ 25 ಸೇರಿಸಿದರೆ 143ರ ಸೀಟು. ಈ ಅಂಕಿ ಅವರಿಗೆ ಆಧಾರ್ ನಂಬರಿಗಿಂತ ಚೆನ್ನಾಗಿ ಬಾಯಿಪಾಠ.

143ರ ಸೀಟೂ ಬಂತು. ನೋವು ಹೋಗಲಿಲ್ಲ. ಪಂಕ್ಚರ್ ಅಂಗಡಿಯ ಹುಡುಗ ದೂರದಿಂದಲೇ ನೋಡಿ, "ಮೂತಿ ಮೇಲಕ್ಕೆದ್ದಿದೆ ಸಾರ್" ಎಂದವನೇ ಸ್ಪ್ಯಾನರ್ ತಂದು ನಟ್ ಸಡಿಲಿಸಿ, ಸೀಟು ಮಟ್ಟ ಮಾಡಿ ಬಿಗಿದ. ಇಷ್ಟು ಮಾಡಿದ್ದರೆ ಹಳೇ ಸೀಟೇ ಸಾಕಾಗುತ್ತಿತ್ತೇನೋ ಎಂಬುದು ನನ್ನ ಗುಮಾನಿ. ಎಷ್ಟೋ ಸೀಟುಗಳು ನಟ್ಟಿನ ತಪ್ಪಿಗೆ ಗುಜರಿ ಸೇರುತ್ತವೆ. ರಾಯರು ಮಾತ್ರ ಗಾರೆ ಮೇಸ್ತ್ರಿಯ ರಸಮಟ್ಟ ತಂದು ಸೀಟಿನ ಮೇಲಿಟ್ಟು, ಗುಳ್ಳೆ ನಡುವಿಗೆ ಬಂದದ್ದನ್ನು ಖಾತ್ರಿ ಮಾಡಿಕೊಂಡು, "ಪರವಾಗಿಲ್ಲ, ಪಾಸ್" ಎಂದರು.

ಅಳತೆ ಮನೆಯವರಿಗಷ್ಟೇ ನಿಂತಿದ್ದರೆ ಚೆನ್ನಾಗಿತ್ತು. ಮೊನ್ನೆ ತುಮಕೂರಿನಿಂದ ಬೀಗರು ಬಂದರು. ಯಜಮಾನಿತಿ ಒಳಗೆ ಒಬ್ಬಟ್ಟು ತಟ್ಟುತ್ತಿದ್ದಾಗ ರಾಯರು ಜಗಲಿಯಲ್ಲಿ ಬೀಗರನ್ನೂ ಬೀಗಿತ್ತಿಯನ್ನೂ, "ಒಂದ್ನಿಮಿಷ, ಸೊಂಟಕ್ಕೆ ಒಳ್ಳೇದು" ಎಂದು ಪುಸಲಾಯಿಸಿ ರಟ್ಟಿನ ಮೇಲೆ ಕೂರಿಸಿದರು. ಊಟ ಮುಗಿಸಿ ಅವರು ಹೊರಟ ಮೇಲಷ್ಟೇ ಯಜಮಾನಿತಿಗೆ ಕಂಡದ್ದು: ಟೀವಿಯ ಪಕ್ಕ ಎರಡು ರಟ್ಟು, ಮೇಲೆ ದಪ್ಪಕ್ಷರದಲ್ಲಿ 'ಬೀಗರು' 'ಬೀಗಿತ್ತಿ', ಕೆಳಗೆ ಅಂಕಿ.

"ರೀ, ಮಗಳ ಸಂಸಾರಕ್ಕೆ ಕಲ್ಲು ಹಾಕಿದ್ರಲ್ರೀ!"

ಅಷ್ಟರಲ್ಲಿ ಬೀಗರ ಫೋನು. ಯಜಮಾನಿತಿ ಕೈಮುಗಿದುಕೊಂಡೇ ಸ್ಪೀಕರ್ ಒತ್ತಿದರು. ಅತ್ತಲಿಂದ ಬೀಗರ ಪಿಸುದನಿ: "ರಾಯರೇ, ನಮ್ಮನೆಯವರು ಪಕ್ಕದಲ್ಲಿಲ್ಲ, ಬೇಗ ಹೇಳಿ. ಅವಳದು ನನಗಿಂತ ಎಷ್ಟು ಜಾಸ್ತಿ ಬಂತು?"